ಮೊಮ್ಮಗಳು ಸೊರಗಿದ್ದು ಏಕೆ? ಒಂದು ಮನೆಯ ಪ್ರಕರಣ

ಮಗುವನ್ನು ತೂಕದ ಯಂತ್ರದ ಮೇಲೆ ಕೂರಿಸುವ ಮೊದಲೇ ಅಜ್ಜಿ ಅದರ ಅಂಗಿ ಎತ್ತಿ ಉಡಿದಾರ ತೋರಿಸಿದರು. ಕರಿ ದಾರ, ಅದಕ್ಕೊಂದು ಸಣ್ಣ ತಾಯತ. ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ಎರಡು ಸಲ ಬಿಚ್ಚಿ ಮತ್ತೆ ಗಂಟು ಹಾಕಿದ ಗುರುತಿತ್ತು. “ಯುಗಾದಿಗೆ ಕಟ್ಟಿದ್ದು ಮೇಡಂ. ಆಗ ಸರಿಯಾಗಿ ಕೂತಿತ್ತು. ಈಗ ನೋಡಿ, ನನ್ನ ಕೈನೇ ಒಳಗೆ ಹೋಗುತ್ತೆ.”

ಇದು 2024ರ ಆಗಸ್ಟ್ ಮಾತು. ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನನ್ನ ಮಕ್ಕಳ ಕ್ಲಿನಿಕ್ ಇದೆ. ಬಂದಿದ್ದು ಎರಡು ವರ್ಷ ನಾಲ್ಕು ತಿಂಗಳ ಹೆಣ್ಣುಮಗು. ಮನೆಯವರ ಗುರುತು ಸಿಗುವಂಥದ್ದೇನನ್ನೂ ಇಲ್ಲಿ ಬರೆಯುವುದಿಲ್ಲ. ಈ ಕಾಯಿಲೆಯ ಹೆಸರು ಹೊರಗೆ ಬಿದ್ದರೆ ನಮ್ಮ ಊರುಗಳಲ್ಲಿ ಏನೇನಾಗುತ್ತೆ ಅಂತ ನೋಡಿದ್ದೇನೆ. ಬರೆಯಲು ಅಜ್ಜಿಯೇ ಒಪ್ಪಿಗೆ ಕೊಟ್ಟಿದ್ದಾರೆ.

ಮಗುವಿನ ಅಪ್ಪ ಬೆಂಗಳೂರಿನಲ್ಲಿ ಸರಕಿನ ಆಟೊ ಓಡಿಸುತ್ತಾರೆ. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಮಗುವಿಗೆ ಒಂದೂವರೆ ವರ್ಷ ಆದಾಗ ಎದೆಹಾಲು ಬಿಡಿಸಿ ಅಜ್ಜಿ-ತಾತನ ಹತ್ತಿರ ಬಿಟ್ಟಿದ್ದರು. ಭಾನುವಾರ ಬಂದು ನೋಡಿಕೊಂಡು ಹೋಗುತ್ತಿದ್ದರು. ನಮ್ಮ ಕಡೆ ಅರ್ಧ ಊರಿನ ಮಕ್ಕಳು ಹೀಗೇ ಬೆಳೆಯುವುದು. ಹಾಗಾಗಿ “ಮಗು ಉಣ್ಣಲ್ಲ” ಅನ್ನುವ ಮಾತು ನನಗೆ ಅಮ್ಮಂದಿರಿಗಿಂತ ಜಾಸ್ತಿ ಅಜ್ಜಿಯರ ಬಾಯಲ್ಲೇ ಕೇಳಿಸುತ್ತೆ. ಆ ಮಾತಿನಲ್ಲಿ ಒಂದು ಭಯವೂ ಇರುತ್ತೆ. ಮಗು ಸಣ್ಣಗಾದರೆ ಸೊಸೆ ಏನಂದುಕೊಳ್ಳುತ್ತಾಳೋ ಅನ್ನುವ ಭಯ.

ಈ ಅಜ್ಜಿ ನನ್ನ ಹತ್ತಿರ ಬರುವ ಮುಂಚೆ ತಮಗೆ ತಿಳಿದಿದ್ದನ್ನೆಲ್ಲ ಮಾಡಿದ್ದರು. ಮೊದಲು ದೃಷ್ಟಿ ತೆಗೆದರು. ಆಮೇಲೆ ಹುಳದ ಮಾತ್ರೆ ಹಾಕಿದರು. ಸಂಜೆ ಹೊತ್ತು ಮೈ ಬೆಚ್ಚಗಾಗುತ್ತಿತ್ತು. ಹಿಂದಿನ ದವಡೆ ಹಲ್ಲು ಬರುತ್ತಿದೆ, ಅದಕ್ಕೇ ಇರಬೇಕು ಅಂದುಕೊಂಡರು. ಎರಡು ವರ್ಷದ ಆಸುಪಾಸಿನಲ್ಲಿ ಆ ಹಲ್ಲು ಬರುವುದೂ ನಿಜ, ಅವರ ಲೆಕ್ಕ ತಪ್ಪೇನಲ್ಲ. ಮೆಡಿಕಲ್ ಶಾಪಿನಲ್ಲಿ ಹಸಿವಿನ ಟಾನಿಕ್ ಅಂತ ಒಂದು ಸಿರಪ್ ಕೊಟ್ಟರು. ಅದನ್ನು ಕುಡಿಸಿದ ವಾರ ಮಗು ಎರಡು ತುತ್ತು ಜಾಸ್ತಿ ತಿಂದಿತು, ದಿನವಿಡೀ ತೂಗಡಿಸಿತು, ಬಾಟಲಿ ಖಾಲಿಯಾದ ಮೇಲೆ ಮತ್ತೆ ಮೊದಲಿನಂತೆಯೇ ಆಯಿತು. ಇಂಥ ಸಿರಪ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ಅಲರ್ಜಿಗೆ ಕೊಡುವ ಒಂದು ಔಷಧಿ. ಹಸಿವು ಅದರ ಅಡ್ಡ ಪರಿಣಾಮ, ನಿದ್ದೆಯೂ ಅಷ್ಟೇ. ಮಗು ಯಾಕೆ ತಿನ್ನುತ್ತಿಲ್ಲ ಅಂತ ಗೊತ್ತಿಲ್ಲದೆ ಇದನ್ನು ಕುಡಿಸುವುದನ್ನು ನಾನು ಒಪ್ಪುವುದಿಲ್ಲ. ನಿಜವಾದ ಕಾಯಿಲೆ ಇದ್ದರೆ ಅದು ಪತ್ತೆಯಾಗುವುದು ಅಷ್ಟು ದಿನ ತಡವಾಗುತ್ತೆ. ಇದರ ಮಧ್ಯೆ ಕೆಮ್ಮು-ನೆಗಡಿಗೆ ಅಂತ ಬೇರೆ ಕಡೆ ಎರಡು ಸಲ ಆಂಟಿಬಯಾಟಿಕ್ ಕೊಡಿಸಿದ್ದರು.

ತೂಕ ನೋಡಿದೆ, 9.3 ಕೆಜಿ. ತೋಳಿನ ಸುತ್ತಳತೆ 12.3 ಸೆಂಟಿಮೀಟರ್. ತೋಳು ಅಳೆಯುವ ಪಟ್ಟಿಯಲ್ಲಿ 12.5ರ ಕೆಳಗೆ ಹಳದಿ, 11.5ರ ಕೆಳಗೆ ಕೆಂಪು. ಮಗು ಹಳದಿಯಲ್ಲಿತ್ತು.

ತಾಯಿ ಕಾರ್ಡ್ ತಂದಿದ್ದೀರಾ ಅಂತ ಕೇಳಿದೆ. ಬ್ಯಾಗಿನ ತಳದಲ್ಲಿತ್ತು. ಅಂಗನವಾಡಿ ಕಾರ್ಯಕರ್ತೆ ಇಟ್ಟ ಚುಕ್ಕೆಗಳು ಅದರಲ್ಲಿದ್ದವು. ಇಪ್ಪತ್ತನೇ ತಿಂಗಳಲ್ಲಿ 10.2 ಕೆಜಿ. ಇಪ್ಪತ್ತೆರಡರಲ್ಲಿ 10.4. ಇಪ್ಪತ್ತನಾಲ್ಕರಲ್ಲಿ 10.3. ಅಲ್ಲಿಂದ ಮುಂದೆ ಖಾಲಿ. ಬೇಸಿಗೆ, ಮದುವೆ ಮನೆಗಳು, ಆಮೇಲೆ ಬಿತ್ತನೆ ಕೆಲಸ. ಯಾರೂ ತೂಕ ಹಾಕಿಸಿರಲಿಲ್ಲ. ನಾನು ಇಪ್ಪತ್ತೆಂಟನೇ ತಿಂಗಳ ಗೆರೆ ಹುಡುಕಿ ಚುಕ್ಕೆ ಇಟ್ಟೆ. ಗೆರೆ ಎಳೆದಾಗ ಅಜ್ಜಿ ಏನೂ ಕೇಳಲಿಲ್ಲ. ಇಳಿಜಾರು ಅವರಿಗೂ ಕಾಣಿಸಿತು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳಬೇಕು. “ಉಣ್ಣಲ್ಲ” ಅಂತ ನನ್ನ ಹತ್ತಿರ ಬರುವ ಬಹುತೇಕ ಮಕ್ಕಳಿಗೆ ಕಾಯಿಲೆ ಏನೂ ಇರುವುದಿಲ್ಲ. ಮೊದಲ ವರ್ಷ ಮಗು ಆರೇಳು ಕೆಜಿ ಏರುತ್ತೆ. ಎರಡನೇ ವರ್ಷ ಏರುವುದು ಎರಡು, ಎರಡೂವರೆ ಕೆಜಿ ಮಾತ್ರ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತೆ. ಅಂಥ ಮಗು ಕಮ್ಮಿ ತಿಂದರೂ ತೂಕದ ಗೆರೆ ನಿಧಾನಕ್ಕೆ ಮೇಲಕ್ಕೇ ಹೋಗುತ್ತಿರುತ್ತೆ. ಆ ಮನೆಯವರಿಗೆ ನಾನು ಹೇಳುವುದು ಒಂದೇ, ಬಲವಂತ ಮಾಡಬೇಡಿ, ಸುಮ್ನೆ ಬಿಡಿ. ಈ ಮಗುವಿಗೆ ಆ ಮಾತು ಹೇಳುವ ಹಾಗಿರಲಿಲ್ಲ. ಎರಡು ವರ್ಷದ ಮಗುವಿನ ತೂಕ ನಿಲ್ಲುವುದೇ ಸರಿಯಲ್ಲ. ಇಲ್ಲಿ ಆರು ತಿಂಗಳಲ್ಲಿ 1.1 ಕೆಜಿ ಇಳಿದಿತ್ತು, ಅಂದರೆ ಮೈ ತೂಕದ ಹತ್ತರಲ್ಲೊಂದು ಪಾಲಿಗಿಂತ ಜಾಸ್ತಿ.

ಇಷ್ಟು ಗೊತ್ತಿದ್ದೂ ಮೊದಲ ದಿನ ನಾನು ತಪ್ಪು ದಾರಿ ಹಿಡಿದೆ.

ಮಗು ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ತಿನ್ನುತ್ತೆ ಅಂತ ಕೇಳಿದಾಗ ಅಜ್ಜಿ ಹೇಳಿದ್ದು ಹೀಗೆ. ಎದ್ದ ಕೂಡಲೇ ಬಾಟಲಿ ಹಾಲು, ನಾಲ್ಕು ಬಿಸ್ಕತ್ತು. ಮಧ್ಯಾಹ್ನ ಅನ್ನ-ಸಾರು ಮೂರು ತುತ್ತು, ಅದೂ ಮೊಬೈಲ್ ಹಿಡಿದರೆ. ಸಂಜೆ ಅಂಗಡಿಯ ಐದು ರೂಪಾಯಿ ಪ್ಯಾಕೆಟ್. ರಾತ್ರಿ ಮತ್ತೆ ಹಾಲು, ನಡುರಾತ್ರಿ ಅತ್ತರೆ ಇನ್ನೊಂದು ಬಾಟಲಿ. ಹಾಲೇ ಮುಕ್ಕಾಲು ಲೀಟರ್. ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4. ನನಗೆ ಉತ್ತರ ಸಿಕ್ಕೇ ಬಿಟ್ಟಿತು ಅನಿಸಿತು. ಹಾಲು ಹೊಟ್ಟೆ ತುಂಬಿಸುತ್ತೆ, ಅದರಲ್ಲಿ ಕಬ್ಬಿಣದ ಅಂಶ ತೀರಾ ಕಮ್ಮಿ, ರಕ್ತ ಕಮ್ಮಿಯಾದರೆ ಹಸಿವು ಇನ್ನೂ ಸಾಯುತ್ತೆ. ಇಂಥ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಮ್ಮನಿಂದ ದೂರವಾದ ಕೊರಗೂ ಸೇರಿರಬಹುದು ಅಂದುಕೊಂಡೆ.

ಕೇಸ್ ಶೀಟಿನಲ್ಲಿ “ಮನೆಯಲ್ಲಿ ಯಾರಿಗಾದರೂ ಟಿಬಿ, ಹಳೇ ಕೆಮ್ಮು?” ಅನ್ನುವ ಸಾಲಿದೆ. ಅದನ್ನೂ ಕೇಳಿದೆ. “ಇಲ್ಲ ಮೇಡಂ, ಯಾರಿಗೂ ಇಲ್ಲ” ಅಂದರು. ಇಲ್ಲ ಅಂತ ಬರೆದುಕೊಂಡೆ.

ಬಾಟಲಿ ಬಿಡಿಸಿ, ಹಾಲು ದಿನಕ್ಕೆ ಎರಡು ಸಣ್ಣ ಲೋಟ ಸಾಕು, ಬಿಸ್ಕತ್ತು-ಪ್ಯಾಕೆಟ್ ಬೇಡ ಅಂದೆ. ಕಬ್ಬಿಣದ ಡ್ರಾಪ್ಸ್ ಬರೆದೆ. ಹುರಿದ ರಾಗಿ ಹಿಟ್ಟಿನ ಸರಿಗೆ ಒಂದು ಚಮಚ ಕಡ್ಲೆಬೀಜದ ಪುಡಿ, ಸ್ವಲ್ಪ ತುಪ್ಪ. ದಿನಕ್ಕೊಂದು ಮೊಟ್ಟೆ. ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ. ಮೂರು ಹೊತ್ತಿನ ಬದಲು ಐದು ಹೊತ್ತು, ಸ್ವಲ್ಪ ಸ್ವಲ್ಪ. ಎರಡು ವಾರ ಬಿಟ್ಟು ಬನ್ನಿ ಅಂದೆ.

ಅಜ್ಜಿ ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಕೈಯಲ್ಲಿ ಒಂದು ಹಳೇ ನೋಟ್ ಪುಸ್ತಕ. ಪಕ್ಕದ ಮನೆಯಲ್ಲಿರುವ ಮಗಳ ಹತ್ತಿರ ದಿನವೂ ಬರೆಸಿದ್ದರು. ಎಷ್ಟು ಚಮಚ ಸರಿ, ಮೊಟ್ಟೆ ಅರ್ಧವೋ ಪೂರ್ತಿಯೋ, ಎಲ್ಲ ಇತ್ತು. ಬಾಟಲಿಯನ್ನು ಮೂರನೇ ದಿನವೇ ತಿಪ್ಪೆಗೆ ಎಸೆದಿದ್ದರಂತೆ. ಮಗು ಮೊದಲಿಗಿಂತ ಒಂದಿಷ್ಟು ಜಾಸ್ತಿಯೇ ತಿಂದಿತ್ತು. ತೂಕ ಹಾಕಿದೆ. 9.2.

ನೂರು ಗ್ರಾಂ ದೊಡ್ಡ ವಿಷಯವಲ್ಲ. ಮಗು ಒಂದು ಸಲ ಉಚ್ಚೆ ಹೊಯ್ದರೂ ಅಷ್ಟು ವ್ಯತ್ಯಾಸ ಬರುತ್ತೆ. ಆದರೆ ಇಷ್ಟು ತಿಂದ ಮಗು ಏರಬೇಕಿತ್ತು, ಅಲ್ವಾ? ಊಟ ಒಳಗೆ ಹೋಗುತ್ತಿದೆ, ಮೈಗೆ ಹತ್ತುತ್ತಿಲ್ಲ ಅಂದರೆ ಅದನ್ನು ಒಳಗೆ ಯಾವುದೋ ಸುಡುತ್ತಿದೆ ಅಂತ ಅರ್ಥ. ಸಂಜೆ ಮೈ ಬೆಚ್ಚಗಾಗುವುದು ಇನ್ನೂ ನಿಂತಿರಲಿಲ್ಲ. ಮೂರು ತಿಂಗಳಲ್ಲಿ ತೂಕ ಶೇಕಡಾ 5ಕ್ಕಿಂತ ಜಾಸ್ತಿ ಇಳಿದರೆ, ಅಥವಾ ಏರದೆ ನಿಂತರೆ, ಜೊತೆಗೆ ಎರಡು ವಾರ ಮೀರಿದ ಜ್ವರವೋ ಕೆಮ್ಮೋ ಇದ್ದರೆ, ನಮ್ಮ ದೇಶದಲ್ಲಿ ಮಕ್ಕಳ ಡಾಕ್ಟರಿಗೆ ಮೊದಲು ಟಿಬಿ ನೆನಪಾಗಬೇಕು. ನನಗೆ ಎರಡು ವಾರ ತಡವಾಗಿ ನೆನಪಾಯಿತು.

ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಈ ಸಲ ಬೇರೆ ಥರ ಕೇಳಿದೆ.

“ಅಜ್ಜಿ, ಮಗು ರಾತ್ರಿ ಯಾರ ಪಕ್ಕ ಮಲಗುತ್ತೆ?”

“ಪಕ್ಕ ಎಲ್ಲಿ ಮೇಡಂ, ಅವರ ತಾತನ ಎದೆ ಮೇಲೇ. ಅಲ್ಲಿ ಬಿಟ್ಟು ಬೇರೆ ಎಲ್ಲೂ ನಿದ್ದೆ ಬರಲ್ಲ ಇವಳಿಗೆ. ಅವರು ಕೆಮ್ಮುವಾಗ ಮಾತ್ರ ಕೆಳಗೆ ಇಳಿಸ್ತಾರೆ.”

“ಮನೆಯಲ್ಲಿ ಯಾರಿಗೂ ಕೆಮ್ಮಿಲ್ಲ ಅಂದಿದ್ರಲ್ಲ?”

“ಅಯ್ಯೋ, ಅದು ಕೆಮ್ಮಲ್ಲ. ಬೀಡಿ ಕೆಮ್ಮು. ಇಪ್ಪತ್ತು ವರ್ಷದಿಂದ ಇದ್ದದ್ದೇ.”

ಆ ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಕೆಮ್ಮು ಅಂದರೆ ಹೊಸದಾಗಿ ಬರುವ ಕಾಯಿಲೆ. ಗಂಡನ ಕೆಮ್ಮು ಮನೆಯ ಬಾಗಿಲಿನ ಕಿರ್ರ್ ಸದ್ದಿನ ಹಾಗೆ, ಕಿವಿಗೆ ಬೀಳುವುದೇ ನಿಂತುಹೋಗಿತ್ತು. ನಾನು ಕೇಸ್ ಶೀಟಿನ ಪ್ರಶ್ನೆ ಕೇಳಿದ್ದೆ. ಅವರು ಅದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು.

ಮಾರನೇ ದಿನ ತಾತನನ್ನು ಕರೆಸಿದೆ. ವಯಸ್ಸು 61. ಮೂವತ್ತು ವರ್ಷ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದವರು, ಉಸಿರಾಟ ಕಷ್ಟ ಅಂತ ನಾಲ್ಕು ವರ್ಷದ ಹಿಂದೆ ಬಿಟ್ಟಿದ್ದರು. ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತವರಿಗೆ ಟಿಬಿ ಹಿಡಿಯುವ ಅಪಾಯ ಬೇರೆಯವರಿಗಿಂತ ಜಾಸ್ತಿ. ಸಕ್ಕರೆ ಕಾಯಿಲೆ ಇದ್ದವರಿಗೂ ಹಾಗೇ. ಅವರು ಪಂಚೆ ಮೇಲೆ ಅಗಲದ ಬೆಲ್ಟ್ ಕಟ್ಟಿದ್ದರು. ಅದರಲ್ಲಿ ಮೊಳೆಯಿಂದ ಹೊಡೆದ ಎರಡು ಹೊಸ ತೂತು. ಮೊಮ್ಮಗಳ ಉಡಿದಾರ ಸಡಿಲವಾದದ್ದನ್ನು ಮನೆಯವರೆಲ್ಲ ನೋಡಿದ್ದರು. ಅದೇ ತಿಂಗಳುಗಳಲ್ಲಿ ತಾತನ ಬೆಲ್ಟೂ ಸಡಿಲವಾಗಿತ್ತು.

ತಾಲ್ಲೂಕು ಆಸ್ಪತ್ರೆಯಲ್ಲಿ ಅವರ ಕಫ ಪರೀಕ್ಷೆ ಆಯಿತು. ಈಗ ಕಫದಲ್ಲಿ ಟಿಬಿ ಕ್ರಿಮಿಯ ಅಂಶ ಇದೆಯೇ, ಮುಖ್ಯ ಔಷಧಿಯಾದ ರಿಫಾಂಪಿಸಿನ್ ಅದಕ್ಕೆ ತಾಗುತ್ತದೆಯೇ ಅನ್ನುವುದನ್ನು ಯಂತ್ರವೇ ಕೆಲವೇ ಗಂಟೆಗಳಲ್ಲಿ ಹೇಳುತ್ತೆ. ಟಿಬಿ ಇತ್ತು. ಔಷಧಿಗೆ ಬಗ್ಗುವ ಟಿಬಿ, ಅದೊಂದು ಸಮಾಧಾನ. ರಕ್ತದ ಸಕ್ಕರೆ 280. ಸಕ್ಕರೆ ಕಾಯಿಲೆ ಇದೆ ಅಂತ ಅವರಿಗೆ ಅವತ್ತೇ ಗೊತ್ತಾಗಿದ್ದು.

ಮಗುವಿನ ಪರೀಕ್ಷೆ ಅಷ್ಟು ಸುಲಭವಲ್ಲ. ಸಣ್ಣ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತವೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ಸಣ್ಣ ನಳಿಕೆ ಇಳಿಸಿ ಹೊಟ್ಟೆಯ ದ್ರವ ತೆಗೆಯಬೇಕು. ಎರಡು ದಿನ ತೆಗೆದರು. ಅಜ್ಜಿ ಹೊರಗೆ ಕೂತು ಕಿವಿ ಮುಚ್ಚಿಕೊಂಡಿದ್ದರು. ಎರಡರಲ್ಲೂ ಕ್ರಿಮಿ ಸಿಗಲಿಲ್ಲ. ಎಚ್‌ಐವಿ ಪರೀಕ್ಷೆ ಎಲ್ಲರಿಗೂ ಮಾಡುವಂತೆ ಇವಳಿಗೂ ಮಾಡಿದರು, ಇರಲಿಲ್ಲ. ಕೈಗೆ ಚುಚ್ಚಿ ನೋಡುವ ಮಾಂಟೊ ಪರೀಕ್ಷೆಯಲ್ಲಿ ಗಂಟು 16 ಮಿಲಿಮೀಟರ್ ಬಂತು. 10 ದಾಟಿದರೆ ಟಿಬಿ ಕ್ರಿಮಿ ಮೈ ಹೊಕ್ಕಿದೆ ಅಂತ ಲೆಕ್ಕ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಬುಡದ ಗ್ರಂಥಿಗಳು ಊದಿಕೊಂಡಿದ್ದವು.

ಅಷ್ಟರಲ್ಲಿ ಮಗುವಿನ ಅಪ್ಪ-ಅಮ್ಮ ಬೆಂಗಳೂರಿನಿಂದ ಬಂದಿದ್ದರು. ಅಪ್ಪನ ಪ್ರಶ್ನೆ ನೇರವಾಗಿತ್ತು. “ಮಗುಗೆ ನೆಗೆಟಿವ್ ಬಂದಿದೆ. ಮತ್ಯಾಕೆ ಆರು ತಿಂಗಳು ಮಾತ್ರೆ?” ನ್ಯಾಯವಾದ ಪ್ರಶ್ನೆಯೇ. ದೊಡ್ಡವರ ಟಿಬಿಯಲ್ಲಿ ಕ್ರಿಮಿಗಳ ಸಂಖ್ಯೆ ಜಾಸ್ತಿ, ಕಫದಲ್ಲಿ ಸಿಕ್ಕಿಬೀಳುತ್ತವೆ. ಮಕ್ಕಳಲ್ಲಿ ಕಮ್ಮಿ, ಪರೀಕ್ಷೆಯಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಮಕ್ಕಳಲ್ಲಿ ಒಂದೇ ಕಾಗದ ನೋಡಿ ತೀರ್ಮಾನ ಮಾಡುವುದಿಲ್ಲ. ಇಳಿದ ತೂಕ, ಬಿಡದ ಜ್ವರ, ಆಂಟಿಬಯಾಟಿಕ್‌ಗೆ ಬಗ್ಗದ ಕೆಮ್ಮು, ಎಕ್ಸ್‌ರೇ, ಮಾಂಟೊ, ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಹೊದಿಕೆಯಲ್ಲಿ ಮಲಗುವ ತಾತನ ಕಫದಲ್ಲಿ ಸಿಕ್ಕ ಕ್ರಿಮಿ. ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದವು.

“ಹುಟ್ಟಿದಾಗ ಬಿಸಿಜಿ ಹಾಕ್ಸಿದ್ವಲ್ಲ?” ಅಂತ ಅಮ್ಮ ಕೇಳಿದರು. ಬಿಸಿಜಿ ಲಸಿಕೆ ಮಕ್ಕಳನ್ನು ಮೆದುಳಿನ ಟಿಬಿಯಂಥ ಭಾರೀ ಅಪಾಯದಿಂದ ಬಹಳ ಮಟ್ಟಿಗೆ ಕಾಯುತ್ತೆ. ಶ್ವಾಸಕೋಶದ ಟಿಬಿ ಬರದ ಹಾಗೆ ಪೂರ್ತಿ ತಡೆಯುವುದಿಲ್ಲ. ಈ ಮಗುವಿಗೆ ಕಾಯಿಲೆ ಗ್ರಂಥಿಯ ಹತ್ತಿರವೇ ನಿಂತಿದ್ದಕ್ಕೆ ಆ ಲಸಿಕೆಯೂ ಕಾರಣವಾಗಿರಬಹುದು.

ಆಮೇಲಿನ ಹದಿನೈದು ದಿನ ಆ ಮನೆಯಲ್ಲಿ ನಡೆದದ್ದು ನನ್ನನ್ನು ಕಾಯಿಲೆಗಿಂತ ಜಾಸ್ತಿ ಕಾಡಿತು. ಸೊಸೆ ಮಾವನ ಜೊತೆ ಮಾತು ಬಿಟ್ಟರು. ತಾತ ತಾವಾಗಿಯೇ ಹಾಸಿಗೆ ಎತ್ತಿಕೊಂಡು ದನದ ಕೊಟ್ಟಿಗೆಗೆ ಹೋದರು. ತಟ್ಟೆ-ಲೋಟ ಬೇರೆ ಆಯಿತು. ಮಗು ರಾತ್ರಿಯಿಡೀ “ತಾತ, ತಾತ” ಅಂತ ಅತ್ತು ಇದ್ದ ಎರಡು ತುತ್ತನ್ನೂ ಬಿಟ್ಟಿತು. ಅಜ್ಜಿ ಒಬ್ಬರೇ ನನ್ನ ಹತ್ತಿರ ಬಂದು, “ನಾನೇ ಅಲ್ವಾ ಮೇಡಂ, ಅವರ ಎದೆ ಮೇಲೆ ಮಲಗಿಸಿದ್ದು” ಅಂತ ಸೆರಗು ಬಾಯಿಗೆ ಒತ್ತಿಕೊಂಡರು.

ಅವತ್ತು ಸಂಜೆ ಕ್ಲಿನಿಕ್ ಮುಚ್ಚಿ ಆಶಾ ಕಾರ್ಯಕರ್ತೆ ಜೊತೆ ಅವರ ಮನೆಗೆ ಹೋದೆ. ಎಲ್ಲರನ್ನೂ ಕೂರಿಸಿ ಹೇಳಿದೆ. ಟಿಬಿ ಹರಡುವುದು ಗಾಳಿಯಿಂದ. ತಟ್ಟೆ, ಲೋಟ, ಬಟ್ಟೆ, ಮುಟ್ಟುವುದು, ಇದ್ಯಾವುದರಿಂದಲೂ ಅಲ್ಲ. ಸರಿಯಾದ ಮಾತ್ರೆ ಶುರುವಾದ ಮೇಲೆ ಕೆಲವೇ ವಾರಗಳಲ್ಲಿ ಹರಡುವ ಶಕ್ತಿ ತುಂಬಾ ಇಳಿದುಹೋಗುತ್ತೆ. ಅಲ್ಲಿವರೆಗೆ ತಾತ ಬೇರೆ ಕೋಣೆಯಲ್ಲಿ ಮಲಗಲಿ, ಬಾಯಿಗೆ ಮಾಸ್ಕ್ ಹಾಕಲಿ, ಹಗಲು ಜಗುಲಿಯಲ್ಲಿ ಬಿಸಿಲಿಗೆ ಕೂರಲಿ. ಕೊಟ್ಟಿಗೆ ಬೇಡ. ಮನೆಯ ಆ ಕೋಣೆಗೆ ಒಂದೇ ಕಿಟಕಿ, ಅದಕ್ಕೂ ಸೊಳ್ಳೆ ಬರುತ್ತೆ ಅಂತ ರಟ್ಟು ಹೊಡೆದಿದ್ದರು. ಮಗನೇ ಎದ್ದು ಅದನ್ನು ಕಿತ್ತು ಹಾಕಿದರು. ಇಂಥ ಸಣ್ಣ ಮಗುವಿನಿಂದ ಸಾಮಾನ್ಯವಾಗಿ ಬೇರೆಯವರಿಗೆ ಹರಡುವುದಿಲ್ಲ ಅಂತಲೂ ಹೇಳಿದೆ. ಅಂಗನವಾಡಿಯಲ್ಲಿ ಯಾರಾದರೂ ದೂರ ಕೂರಿಸಿದರೆ ನನಗೆ ಹೇಳಿ ಅಂದೆ.

ಮನೆಯವರೆಲ್ಲರ ತಪಾಸಣೆ ಆಯಿತು. ಅಜ್ಜಿಗೆ ಕಾಯಿಲೆ ಇರಲಿಲ್ಲ. ಪಕ್ಕದ ಮನೆಯಲ್ಲಿರುವ ಮಗಳ ಮಗ, ನಾಲ್ಕು ವರ್ಷದವನು, ಹಗಲೆಲ್ಲ ಇದೇ ಮನೆಯಲ್ಲಿ ಆಡುತ್ತಿದ್ದ. ಅವನಿಗೂ ಕಾಯಿಲೆ ಇರಲಿಲ್ಲ. ಆದರೆ ಐದು ವರ್ಷದ ಒಳಗಿನ ಮಕ್ಕಳಲ್ಲಿ ಸೋಂಕು ಬೇಗ ಕಾಯಿಲೆಯಾಗಿ ತಿರುಗುತ್ತೆ. ಅದಕ್ಕೇ ಅವನಿಗೆ ತಡೆಗಟ್ಟುವ ಮಾತ್ರೆ, ಐಸೋನಿಯಾಜಿಡ್, ದಿನಕ್ಕೊಂದು ಸಲದಂತೆ ಆರು ತಿಂಗಳು. ಚೆನ್ನಾಗಿರುವ ಮಗುವಿಗೆ ಮಾತ್ರೆ ಯಾಕೆ ಅಂತ ಅವನಮ್ಮ ಒಪ್ಪಲು ಒಂದು ವಾರ ಹಿಡಿಯಿತು.

ನಮ್ಮ ಪುಟ್ಟಿಗೆ ಎರಡು ತಿಂಗಳು ನಾಲ್ಕು ಬಗೆಯ ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಬಗೆ. ಮಕ್ಕಳಿಗೆ ನೀರಿನಲ್ಲಿ ಕರಗುವ ಮಾತ್ರೆ ಬರುತ್ತೆ, ಎಷ್ಟು ಅನ್ನುವುದು ತೂಕದ ಮೇಲೆ ನಿರ್ಧಾರ. ಎಲ್ಲವೂ ಸರ್ಕಾರದಿಂದ ಉಚಿತ. ಮಾತ್ರೆ ಶುರುವಾದ ಮಾರನೇ ಬೆಳಿಗ್ಗೆಯೇ ಅಜ್ಜಿ ಗಾಬರಿಯಿಂದ ಫೋನ್ ಮಾಡಿದರು. “ರಕ್ತ ಹೋಗ್ತಿದೆ ಮೇಡಂ!” ರಿಫಾಂಪಿಸಿನ್ ತೆಗೆದುಕೊಂಡರೆ ಮೂತ್ರ ಕೇಸರಿ-ಕೆಂಪು ಆಗುತ್ತೆ, ಅದರಿಂದ ತೊಂದರೆಯಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತು, ಮರೆತಿದ್ದೆ. ಈಗ ಎಲ್ಲರಿಗೂ ಮೊದಲ ದಿನವೇ ಹೇಳುತ್ತೇನೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಅವತ್ತೇ ಬರಬೇಕು ಅಂತಲೂ ಸೇರಿಸುತ್ತೇನೆ, ಏಕೆಂದರೆ ಈ ಔಷಧಿಗಳು ಕೆಲವರ ಲಿವರ್‌ಗೆ ತೊಂದರೆ ಕೊಡಬಹುದು.

ಊಟದ ವಿಷಯದಲ್ಲಿ ನಾನು ಮೊದಲ ದಿನ ಹೇಳಿದ್ದನ್ನೇ ಮುಂದುವರಿಸಿದೆವು. ಆಗ ಊಟದ ಜೊತೆ ಔಷಧಿ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಔಷಧಿಯೊಂದೇ ಸಾಕು ಅಂತಲೂ ಅಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಟಿಬಿ ರೋಗಿಗಳ ಮನೆಮಂದಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಅವರು ಗಮನಿಸಿದರು. ಕೆಲವು ಮನೆಗಳಲ್ಲಿ ರೋಗಿಗೆ ಮಾತ್ರ ಆಹಾರದ ಪೊಟ್ಟಣ, ಉಳಿದ ಮನೆಗಳಲ್ಲಿ ಎಲ್ಲರಿಗೂ. ಎಲ್ಲರಿಗೂ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು ಶೇಕಡಾ 40ರಷ್ಟು ಕಮ್ಮಿಯಾಯಿತು. ಅಕ್ಕಿ, ಬೇಳೆಯಂಥ ಸಾಮಾನ್ಯ ಆಹಾರದಿಂದ ಆದ ಕೆಲಸ ಅದು. ಟಿಬಿ ರೋಗಿಯ ಊಟಕ್ಕೆ ಅಂತ ಸರ್ಕಾರ ಕೊಡುವ, ಆಗ ತಿಂಗಳಿಗೆ 500 ರೂಪಾಯಿಯ ನಿಕ್ಷಯ್ ಪೋಷಣ್ ಹಣ ಈ ಮನೆಗೂ ಬರುವಂತೆ ಹೆಸರು ನೋಂದಾಯಿಸಿದ್ದರು. ಅದೇ ನವೆಂಬರ್‌ನಲ್ಲಿ ಅದು 1,000 ಆಯಿತು. ಇಬ್ಬರು ರೋಗಿಗಳು, ಇಬ್ಬರ ಹಣ. ಅಜ್ಜಿ ಅದರಲ್ಲಿ ಮೊಟ್ಟೆ ಮತ್ತು ಕಡ್ಲೆಬೀಜ ಬಿಟ್ಟು ಬೇರೇನೂ ತರಲಿಲ್ಲ. ಮನೆಮಂದಿಗೆಲ್ಲ ಬೇಯಿಸಿ ಅಂದಿದ್ದೆ, ಹಾಗೇ ಮಾಡಿದರು.

ಮೂರನೇ ವಾರದಲ್ಲಿ ಸಂಜೆಯ ಜ್ವರ ನಿಂತಿತು. ನಾಲ್ಕನೇ ವಾರ ಅಜ್ಜಿ ನೋಟ್ ಪುಸ್ತಕ ತಂದು ಒಂದು ಸಾಲು ತೋರಿಸಿದರು. “ತಾನಾಗೇ ಮುದ್ದೆ ಕೇಳಿದಳು.” ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ತೂಕ 9.6. ಎರಡನೇ ತಿಂಗಳ ಕೊನೆಗೆ 10.1. ಅಷ್ಟು ದಿನ ಅವಳ ಮುಂದೆ ಮೊಬೈಲ್ ಹಿಡಿದು ತುರುಕಿದ್ದು, ಮೂಗು ಹಿಡಿದು ಕುಡಿಸಿದ್ದು, ಎಲ್ಲವೂ ಅವಳ ಜೊತೆ ಮಾಡಿದ ಜಗಳವಾಗಿತ್ತು. ಅವಳು ಹಟ ಮಾಡುತ್ತಿರಲಿಲ್ಲ. ಅವಳಿಗೆ ನಿಜವಾಗಿ ಹಸಿವೇ ಇರಲಿಲ್ಲ.

ಎರಡು ತಿಂಗಳಾದಾಗ ತಾತನ ಕಫವನ್ನು ಮತ್ತೆ ನೋಡಿದರು. ಕ್ರಿಮಿ ಇರಲಿಲ್ಲ. ಆ ವರದಿಯನ್ನು ಅವರು ನನ್ನ ಹತ್ತಿರ ತಂದರು. ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತು ಕೇಳಿದರು. “ಇನ್ನು ಕೂಸನ್ನ ಎತ್ಕೋಬಹುದಾ?”

“ಎತ್ಕೊಳ್ಳಿ ತಾತ. ಬೀಡಿ ಮಾತ್ರ ಬೇಡ” ಅಂದೆ.

ಸೊಸೆ ಆ ದಿನ ಬಾಗಿಲ ಹತ್ತಿರ ನಿಂತಿದ್ದರು. ಮಗುವನ್ನು ಅವರೇ ಮಾವನ ತೊಡೆ ಮೇಲೆ ಕೂರಿಸಿದರು.

2025ರ ಮಾರ್ಚ್‌ನಲ್ಲಿ ಔಷಧಿ ಮುಗಿಯಿತು. ಮಗುವಿನ ತೂಕ 11.6 ಕೆಜಿ. ಇನ್ನೂ ಅವಳ ವಯಸ್ಸಿನ ಸರಾಸರಿಗಿಂತ ಕೆಳಗೇ, ಆದರೆ ಕಾರ್ಡಿನ ಗೆರೆ ಮೇಲಕ್ಕೆ ತಿರುಗಿದೆ. ಹಿಮೋಗ್ಲೋಬಿನ್ 11 ದಾಟಿದೆ. ತಾತನ ಸಕ್ಕರೆ ಹತೋಟಿಗೆ ಬಂದಿದೆ, ಉಸಿರಾಟ ಪೂರ್ತಿ ಸರಿಹೋಗಿಲ್ಲ. ಕಲ್ಲಿನ ಪುಡಿ ಮಾಡಿದ ಗಾಯ ಮಾತ್ರೆಗೆ ಮಾಯುವುದಿಲ್ಲ. ಬೀಡಿ ಎರಡು ಸಲ ಬಿಟ್ಟು, ಎರಡು ಸಲ ಶುರುಮಾಡಿ, ಈಗ ಮೂರನೇ ಸಲ ಬಿಟ್ಟಿದ್ದಾರೆ. ಇಬ್ಬರನ್ನೂ ಆರು ತಿಂಗಳಿಗೊಮ್ಮೆ, ಎರಡು ವರ್ಷ ನೋಡುತ್ತಿರಬೇಕು.

ನನ್ನ ಕೇಸ್ ಶೀಟಿನಲ್ಲಿ ಆ ಸಾಲನ್ನು ಬದಲಿಸಿದ್ದೇನೆ. ಈಗ ಅಲ್ಲಿ ಮೊದಲು ಬರುವ ಪ್ರಶ್ನೆ, “ಮಗು ರಾತ್ರಿ ಯಾರ ಪಕ್ಕ ಮಲಗುತ್ತೆ?” ಅದರ ಕೆಳಗೆ, “ಅವರು ರಾತ್ರಿ ಕೆಮ್ಮುತ್ತಾರಾ?” ಅಜ್ಜಿ ಮೊನ್ನೆ ಅದೇ ಬೀದಿಯ ಇನ್ನೊಂದು ಮಗುವನ್ನು ಕರೆದುಕೊಂಡು ಬಂದಿದ್ದರು, ಉಣ್ಣಲ್ಲ ಅಂತ. ಒಳಗೆ ಬರುವಾಗಲೇ ತಾಯಿ ಕಾರ್ಡ್ ಕೈಯಲ್ಲಿ ಹಿಡಿದಿದ್ದರು. ಆ ಮಗುವಿನ ಗೆರೆ ಚೆನ್ನಾಗೇ ಏರುತ್ತಿತ್ತು.